ನಿಲ್ಲದ ಹೆಬ್ಬೆರಳು: ಮೊಬೈಲ್ ಗೀಳಿನ ಹಿನ್ನೆಲೆ

ತುಮಕೂರಿನಿಂದ ಬೆಂಗಳೂರಿಗೆ ದಿನವೂ ಹೋಗಿಬರುವವರ ಬೆಳಗಿನ ರೈಲಿನಲ್ಲಿ ಒಂದು ಕಾಲಕ್ಕೆ ದಿನಪತ್ರಿಕೆಯ ಹಾಳೆಗಳು ಕೈಯಿಂದ ಕೈಗೆ ದಾಟುತ್ತಿದ್ದವು. ಈಗ ಕ್ಯಾತ್ಸಂದ್ರ ಬರುವುದರೊಳಗೆ ಬೋಗಿಯ ತುಂಬ ಹೆಬ್ಬೆರಳುಗಳು ಪರದೆಯ ಮೇಲೆ ಜಾರುತ್ತಿರುತ್ತವೆ. ಮನೆಯವರು ಇದನ್ನು ‘ಮೊಬೈಲ್ ಹುಚ್ಚು’ ಎಂದು ಬಯ್ದು, ಹಿಡಿತವಿಲ್ಲದ ಮನಸ್ಸಿನ ದೋಷವೆಂದು ತೀರ್ಮಾನಿಸುತ್ತಾರೆ. ಈ ಹುಚ್ಚಿನ ಬೇರು ಮಾತ್ರ ಸ್ಮಾರ್ಟ್‌ಫೋನಿಗಿಂತ ಬಹಳ ಹಳೆಯದು.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಚಾರ್ಲ್ಸ್ ಫರ್ಸ್ಟರ್ ಮತ್ತು ಬಿ.ಎಫ್. ಸ್ಕಿನ್ನರ್ 1957ರಲ್ಲಿ ಪಾರಿವಾಳಗಳ ಮೇಲಿನ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಇಂತಿಷ್ಟು ಸಲ ಕುಕ್ಕಿದರೆ ಕಾಳು ಖಚಿತ ಎಂದಿದ್ದಾಗ ಹಕ್ಕಿ ಕಾಳು ತಿಂದು ಕೊಂಚ ಹೊತ್ತು ಸುಮ್ಮನಿರುತ್ತಿತ್ತು. ಎಷ್ಟನೆಯ ಕುಕ್ಕಿಗೆ ಕಾಳು ಬೀಳುವುದೋ ತಿಳಿಯದಂತೆ ಮಾಡಿದಾಗ ಬಿಡುವಿಲ್ಲದೆ ಕುಕ್ಕುತ್ತಿತ್ತು, ಕಾಳು ನಿಂತುಹೋದ ಮೇಲೂ ಬೇಗ ಬಿಡುತ್ತಿರಲಿಲ್ಲ. ಜೂಜಿನ ಯಂತ್ರದ ತತ್ವವೂ ಇದೇ. ಮುಂದೆ 1990ರ ದಶಕದಲ್ಲಿ ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಅವರು ಮಂಗಗಳ ಮಿದುಳನ್ನು ಪರಿಶೀಲಿಸಿ, ಡೋಪಮಿನ್ ಎಂಬ ರಾಸಾಯನಿಕವನ್ನು ಸ್ರವಿಸುವ ಕೋಶಗಳು ಮೊದಲೇ ಗೊತ್ತಿದ್ದ ಪ್ರತಿಫಲಕ್ಕಿಂತ ಅನಿರೀಕ್ಷಿತವಾಗಿ ದೊರೆತದ್ದಕ್ಕೆ ಹೆಚ್ಚು ಮಿಡಿಯುತ್ತವೆ ಎಂದು ತೋರಿಸಿದರು. ಡೋಪಮಿನನ್ನು ‘ಸುಖದ ರಸ’ವೆಂದು ಕರೆಯುವ ನಮ್ಮ ರೂಢಿ ಆದ್ದರಿಂದ ಅಷ್ಟು ಸರಿಯಲ್ಲ.

ಈ ಅನಿಶ್ಚಿತತೆಯನ್ನೇ ಪರದೆಗೆ ತಂದವರು ವಿನ್ಯಾಸಕಾರರು. 2006ರಲ್ಲಿ ಅಜಾ ರಾಸ್ಕಿನ್ ಕೊನೆಯಿಲ್ಲದೆ ಉರುಳುವ ಪುಟವನ್ನು ರೂಪಿಸಿದರು (ಅದಕ್ಕಾಗಿ ಮುಂದೆ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು ಕೂಡ). 2009ರಲ್ಲಿ ಫೇಸ್‌ಬುಕ್ಕಿನ ‘ಲೈಕ್’ ಬಂತು. ನಮ್ಮ ಕಡೆ ತಿರುವು ಸಿಕ್ಕಿದ್ದು 2016ರ ಸೆಪ್ಟೆಂಬರಿನಲ್ಲಿ, ಜಿಯೋ ಬಂದು ಡೇಟಾ ಅಗ್ಗವಾದಾಗ. 2020ರಲ್ಲಿ ಶಾಲೆಗಳು ಮುಚ್ಚಿದಾಗಲಂತೂ ಪಾಠಕ್ಕೆಂದು ಸಾಲ ಮಾಡಿ ಮಕ್ಕಳಿಗೆ ಫೋನ್ ಕೊಡಿಸಿದವರು ಇಂದು ಬಯ್ಯುತ್ತಿರುವ ತಂದೆತಾಯಿಗಳೇ ಎಂಬುದನ್ನು ಮರೆಯಬಾರದು.

ಪರಿಣಾಮಗಳಲ್ಲಿ ನಿದ್ರೆಗೆ ಬೀಳುವ ಹೊಡೆತ ಸ್ಪಷ್ಟ. ಖಿನ್ನತೆಯ ವಿಷಯ ಅಷ್ಟು ಸರಳವಲ್ಲ: ಫೋನಿನಿಂದ ಮನಸ್ಸು ಕುಗ್ಗುವುದೋ, ಕುಗ್ಗಿದ ಮನಸ್ಸು ಫೋನನ್ನು ಆಶ್ರಯಿಸುವುದೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಗೇಮಿಂಗ್ ಗೀಳಿಗೆ ಸ್ಥಾನವಿದೆ, ಸ್ಮಾರ್ಟ್‌ಫೋನ್ ಗೀಳಿಗೆ ಪ್ರತ್ಯೇಕ ಹೆಸರಿಲ್ಲ. ಹೆಸರಿಗಾಗಿ ಕಾಯದೆ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇಂಥ ಗೀಳುಗಳಿಗೆಂದು ‘ಶಟ್’ ಎಂಬ ಚಿಕಿತ್ಸಾಲಯ ತೆರೆಯಿತು. ಅಷ್ಟು ದೂರ ಹೋಗಲಾರದ ತುಮಕೂರಿನವರಿಗೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಉಚಿತವಾಗಿ ದೊರೆಯುತ್ತದೆ. ಅದಕ್ಕೂ ಕೈಗೆತ್ತಿಕೊಳ್ಳಬೇಕಾದದ್ದು ಫೋನನ್ನೇ.