ಟೆಸ್ಟೋಸ್ಟೆರಾನ್ ಚಿಕಿತ್ಸೆಯಲ್ಲಿರುವ ಹಿರಿಯ ವೇಟ್‌ಲಿಫ್ಟರ್: ತಪಾಸಣೆ ಮತ್ತು ರಿಪೋರ್ಟ್ ಓದುವ ಬಗೆ

ಐವತ್ತು ದಾಟಿಯೂ ಭಾರ ಎತ್ತುತ್ತಿರುವ, ವೈದ್ಯರ ನಿಗಾದಲ್ಲಿ ಟೆಸ್ಟೋಸ್ಟೆರಾನ್ ಪಡೆಯುತ್ತಿರುವ ಗಂಡಸಿನ ಲ್ಯಾಬ್ ರಿಪೋರ್ಟ್ ಕೈಗೆ ಬಂದಾಗ ಮೊದಲು ಎರಡು ಮಾತು ಕೇಳಬೇಕು: ಕಳೆದ ಇಂಜೆಕ್ಷನ್ ಯಾವಾಗ ಆಯಿತು, ಕಳೆದ ಕಠಿಣ ವ್ಯಾಯಾಮ ಯಾವಾಗ ನಡೆಯಿತು. ಕೆಲವು ಅಂಕಿಗಳನ್ನು ಔಷಧ ಬದಲಿಸಿರುತ್ತದೆ, ಕೆಲವನ್ನು ಬಾರ್ಬೆಲ್. ಇವೆರಡನ್ನೂ ಬೇರ್ಪಡಿಸದಿದ್ದರೆ ಇಲ್ಲದ ಲಿವರ್ ಕಾಯಿಲೆಗೆ ಸ್ಕ್ಯಾನ್ ಆಗುತ್ತದೆ; ರಕ್ತ ದಪ್ಪವಾಗುತ್ತಿರುವುದು ಮಾತ್ರ ಕಣ್ತಪ್ಪಿ ಹೋಗುತ್ತದೆ. ಈ ಟಿಪ್ಪಣಿಯ ಗಮನ ಅಲ್ಲಿದೆ.

ಶುರು ಮಾಡುವ ಮುನ್ನ

ಲಕ್ಷಣಗಳಿರಬೇಕು, ಜೊತೆಗೆ ಎರಡು ಬೇರೆ ಬೇರೆ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಕಡಿಮೆ ಇರಬೇಕು. ಅಮೆರಿಕದ ಎಂಡೋಕ್ರೈನ್ ಸೊಸೈಟಿಯ 2018ರ ಮಾರ್ಗಸೂಚಿ ಆರೋಗ್ಯವಂತ ಯುವಕರ ಕೆಳಮಿತಿಯಾಗಿ ಡೆಸಿಲೀಟರಿಗೆ 264 ನ್ಯಾನೊಗ್ರಾಂ ಎನ್ನುತ್ತದೆ. ಅಲ್ಲಿನ ಮೂತ್ರರೋಗ ತಜ್ಞರ ಸಂಘ 300ನ್ನು ಗಡಿಯಾಗಿ ಹಿಡಿಯುತ್ತದೆ. ಜ್ವರ ಬಂದಾಗ, ನಿದ್ದೆಗೆಟ್ಟ ವಾರದಲ್ಲಿ, ಸ್ಪರ್ಧೆಗೆಂದು ಊಟ ಬಿಗಿಹಿಡಿದು ತೂಕ ಇಳಿಸುವಾಗ ಮಟ್ಟ ತಾನಾಗಿಯೇ ಕುಸಿಯುತ್ತದೆ. ಅಂಥ ದಿನಗಳ ಪರೀಕ್ಷೆಯಿಂದ ರೋಗ ನಿರ್ಧರಿಸಬಾರದು.

ವಯಸ್ಸಾದಂತೆ ಎಸ್‌ಎಚ್‌ಬಿಜಿ ಎಂಬ ಪ್ರೋಟೀನ್ ಹೆಚ್ಚಿ ಹಾರ್ಮೋನನ್ನು ಹೆಚ್ಚು ಬಿಗಿದಿಡುತ್ತದೆ. ಹೀಗಾಗಿ ಒಟ್ಟು ಅಂಕಿ ಗಡಿಯ ಹತ್ತಿರವಿದ್ದರೆ ಎಸ್‌ಎಚ್‌ಬಿಜಿ ಅಳೆದು ಮುಕ್ತ ಟೆಸ್ಟೋಸ್ಟೆರಾನ್ ಲೆಕ್ಕ ಹಾಕಬೇಕು. ವೃಷಣಕ್ಕೆ ಆಜ್ಞೆ ಕೊಡುವ ಪಿಟ್ಯುಟರಿ ಹಾರ್ಮೋನುಗಳಾದ ಎಲ್‌ಎಚ್, ಎಫ್‌ಎಸ್‌ಎಚ್ ಕೂಡ ಬೇಕು. ಎಲ್‌ಎಚ್ ತಗ್ಗಿದ್ದರೆ ಪಿಟ್ಯುಟರಿ ಗ್ರಂಥಿಯತ್ತ ನೋಡಿ, ಅದೇ ಗ್ರಂಥಿಯ ಇನ್ನೊಂದು ಹಾರ್ಮೋನಾದ ಪ್ರೊಲ್ಯಾಕ್ಟಿನ್ ಅಳೆಸಿ. ಲಿಫ್ಟರ್‌ಗಳಲ್ಲಿ ಇನ್ನೊಂದು ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಲೇಬೇಕು: ಹಿಂದೆ ಅನಾಬೊಲಿಕ್ ಸ್ಟೀರಾಯ್ಡ್ ಬಳಸಿದ್ದರೇ? ಬಿಟ್ಟು ತಿಂಗಳುಗಳಾದರೂ ಎಲ್‌ಎಚ್ ಮಲಗಿಯೇ ಇರಬಹುದು.

ಹೆಮಾಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) 48 ಶೇಕಡಾ ಮೀರಿದ್ದರೆ, ಪ್ರಾಸ್ಟೇಟ್ ಗ್ರಂಥಿಯ ಪ್ರೋಟೀನಾದ ಪಿಎಸ್‌ಎ ಮಿಲಿಲೀಟರಿಗೆ 4 ನ್ಯಾನೊಗ್ರಾಂ ದಾಟಿದ್ದರೆ, ಪ್ರಾಸ್ಟೇಟ್ ಅಥವಾ ಸ್ತನ ಕ್ಯಾನ್ಸರ್ ಇದ್ದರೆ, ತೀವ್ರ ನಿದ್ರಾ ಉಸಿರುಕಟ್ಟಿಗೆ ಚಿಕಿತ್ಸೆಯಾಗಿಲ್ಲದಿದ್ದರೆ, ಕಳೆದ ಆರು ತಿಂಗಳಲ್ಲಿ ಹೃದಯಾಘಾತವೋ ಪಾರ್ಶ್ವವಾಯುವೋ ಆಗಿದ್ದರೆ ಆರಂಭಿಸಬಾರದೆಂದು ಎಂಡೋಕ್ರೈನ್ ಸೊಸೈಟಿಯ ಮಾರ್ಗಸೂಚಿ ಹೇಳುತ್ತದೆ. ಮಕ್ಕಳು ಬೇಕೆನ್ನುವವರಿಗೂ ಇದು ಸಲ್ಲದು. ಹೊರಗಿನ ಹಾರ್ಮೋನ್ ವೀರ್ಯಾಣು ಉತ್ಪಾದನೆಯನ್ನು ತಡೆಯುತ್ತದೆ.

ರಕ್ತ ಕೊಡುವ ದಿನ ಯಾವುದು

ಟೆಸ್ಟೋಸ್ಟೆರಾನಿನ ರೂಪಗಳಾದ ಎನಾಂಥೇಟ್ ಅಥವಾ ಸಿಪಿಯೊನೇಟ್ ಇಂಜೆಕ್ಷನ್ ಪಡೆಯುವವರು ಎರಡು ಇಂಜೆಕ್ಷನ್‌ಗಳ ನಡುವಿನ ದಿನ ರಕ್ತ ಕೊಡಬೇಕು. ಆಗ ಟೆಸ್ಟೋಸ್ಟೆರಾನ್ ಡೆಸಿಲೀಟರಿಗೆ 350ರಿಂದ 600 ನ್ಯಾನೊಗ್ರಾಂ ಒಳಗೆ ಬಂದರೆ ಸರಿ, ಆಚೀಚೆಯಾದರೆ ಡೋಸ್ ಬದಲಿಸಬೇಕು. ಇಂಜೆಕ್ಷನ್ ಆದ ಮರುದಿನ ಕೊಟ್ಟರೆ ಅಂಕಿ ವಿಪರೀತ ಏರಿ ಕಾಣುತ್ತದೆ, ಮುಂದಿನದಕ್ಕೆ ತುಸು ಮುಂಚೆ ಕೊಟ್ಟರೆ ಕುಸಿದು ಕಾಣುತ್ತದೆ. ಆ ಎರಡನೆಯದನ್ನು ನೋಡಿ ಡೋಸ್ ಏರಿಸುವುದೇ ಸಾಮಾನ್ಯ ತಪ್ಪು. ದೀರ್ಘಕಾಲ ಕೆಲಸ ಮಾಡುವ ಅನ್‌ಡೆಕನೊಯೇಟ್ ಇಂಜೆಕ್ಷನ್‌ಗೆ ನಿಯಮ ಬೇರೆ: ಮುಂದಿನ ಇಂಜೆಕ್ಷನ್ ಕೊಡುವ ಮುನ್ನವೇ ಅಳೆಯಬೇಕು. ಜೆಲ್ ಆದರೆ ಕನಿಷ್ಠ ಒಂದು ವಾರ ಬಳಸಿದ ಮೇಲೆ, ಹಚ್ಚಿದ 2ರಿಂದ 8 ಗಂಟೆಯೊಳಗೆ. ಸೂಜಿ ಚುಚ್ಚುವ ಜಾಗದ ಚರ್ಮದಲ್ಲಿ ಜೆಲ್ ಅಂಶವಿದ್ದರೆ ಅದು ಮಾದರಿಗೆ ಸೇರಿ ಸುಳ್ಳು ಏರಿಕೆ ತೋರಿಸುತ್ತದೆ. ಆದ್ದರಿಂದ ಜೆಲ್ ಹಚ್ಚದ ತೋಳಿನಿಂದ ರಕ್ತ ತೆಗೆಸಿ.

ಬಯೋಟಿನ್ ಎಂಬ ವಿಟಮಿನ್ ಬಗ್ಗೆ ಲ್ಯಾಬ್‌ನವರು ಸಾಮಾನ್ಯವಾಗಿ ಕೇಳುವುದಿಲ್ಲ, ನಾವೇ ಕೇಳಬೇಕು. ಕೂದಲು, ಉಗುರಿಗೆಂದು ನುಂಗುವ ಮಾತ್ರೆಗಳಲ್ಲಿ 5–10 ಮಿಲಿಗ್ರಾಂ ಬಯೋಟಿನ್ ಇರುತ್ತದೆ. ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನಿನ ಬಂಧವನ್ನೇ ನೆಚ್ಚಿದ ಯಂತ್ರಗಳಲ್ಲಿ ಅದು ಟೆಸ್ಟೋಸ್ಟೆರಾನ್, ಎಸ್ಟ್ರಾಡಿಯೋಲ್ (ಈಸ್ಟ್ರೊಜನ್ ಹಾರ್ಮೋನ್) ಅಂಕಿಗಳನ್ನು ಸುಳ್ಳಾಗಿ ಏರಿಸಬಹುದು, ಪಿಎಸ್‌ಎ ಮತ್ತು ಎಲ್‌ಎಚ್ ಅಂಕಿಗಳನ್ನು ಸುಳ್ಳಾಗಿ ಇಳಿಸಬಹುದು. ಪಿಎಸ್‌ಎ ಏರುತ್ತಿದ್ದರೂ ಸಹಜವೆಂದು ಕಾಣುವುದು ನಿಜಕ್ಕೂ ಅಪಾಯ. ಪರೀಕ್ಷೆಗೆ ಮೂರು ದಿನ ಮೊದಲೇ ನಿಲ್ಲಿಸಿ.

ಹೆಮಾಟೊಕ್ರಿಟ್: ಹೆಚ್ಚು ಗಮನ ಬೇಡುವ ಅಂಕಿ

ಟೆಸ್ಟೋಸ್ಟೆರಾನ್ ಕೆಂಪು ಕಣಗಳ ಉತ್ಪಾದನೆಗೆ ಪ್ರಚೋದಿಸುವ ಎರಿತ್ರೊಪೊಯೆಟಿನ್ ಹೆಚ್ಚಿಸುತ್ತದೆ, ಕಬ್ಬಿಣವನ್ನು ತಡೆಹಿಡಿಯುವ ಹೆಪ್ಸಿಡಿನ್ ತಗ್ಗಿಸಿ ಕಬ್ಬಿಣ ಸುಲಭವಾಗಿ ಸಿಗುವಂತೆ ಮಾಡುತ್ತದೆ. ಫಲವಾಗಿ ಕೆಂಪು ಕಣಗಳು ಏರುತ್ತವೆ. ಕಿರಿಯರಿಗಿಂತ ಹಿರಿಯರಲ್ಲಿ, ಜೆಲ್‌ಗಿಂತ ಇಂಜೆಕ್ಷನ್‌ನಲ್ಲಿ ಈ ಏರಿಕೆ ಹೆಚ್ಚು. ಆರಂಭದಲ್ಲಿ ಒಮ್ಮೆ, 3ರಿಂದ 6 ತಿಂಗಳಿಗೆ ಮತ್ತೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅಳೆಯಬೇಕು. 54 ಶೇಕಡಾ ಮೀರಿದರೆ ಔಷಧ ನಿಲ್ಲಿಸಿ, ಮಟ್ಟ ಇಳಿದ ಮೇಲೆ ಕಡಿಮೆ ಡೋಸಿನಲ್ಲಿ ಮರಳಬೇಕು.

ಆದರೆ ತೂಕದ ವರ್ಗಕ್ಕಾಗಿ ನೀರು ಬಿಟ್ಟು ಬೆವರಿಳಿಸಿದ ದೇಹದಲ್ಲಿ ಪ್ಲಾಸ್ಮಾ ಕುಗ್ಗುವುದರಿಂದ ಹೆಮಾಟೊಕ್ರಿಟ್ ತಾನಾಗಿ ಮೇಲೇರುತ್ತದೆ. ಎರಡು ದಿನ ಎಂದಿನಂತೆ ನೀರು ಕುಡಿದು, ವ್ಯಾಯಾಮವಿಲ್ಲದ ಬೆಳಿಗ್ಗೆ ಮತ್ತೆ ಅಳೆಸಿ. ಆಗಲೂ ಏರಿದ್ದರೆ ಧೂಮಪಾನ ಇದೆಯೇ, ಗೊರಕೆಯೊಂದಿಗೆ ಉಸಿರು ನಿಲ್ಲುತ್ತದೆಯೇ ವಿಚಾರಿಸಬೇಕು. ದಪ್ಪ ಕುತ್ತಿಗೆಯ ಲಿಫ್ಟರ್‌ಗಳಲ್ಲಿ ನಿದ್ರಾ ಉಸಿರುಕಟ್ಟು ಅಪರೂಪವಲ್ಲ, ಅದೊಂದೇ ಹೆಮಾಟೊಕ್ರಿಟ್ ಏರಿಸಬಲ್ಲದು.

ರಕ್ತ ತೆಗೆಸಿ ಅಂಕಿ ಇಳಿಸಿಕೊಂಡು ಅದೇ ಡೋಸ್ ಮುಂದುವರಿಸುವ ರೂಢಿ ಒಳ್ಳೆಯದಲ್ಲ. ಪದೇ ಪದೇ ತೆಗೆಸಿದರೆ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು) ಬರಿದಾಗಿ ದಣಿವು ಶುರುವಾಗುತ್ತದೆ, ಆ ದಣಿವಿಗೆ ಇನ್ನಷ್ಟು ಹಾರ್ಮೋನ್ ಬೇಕೆನಿಸುತ್ತದೆ. ಡೋಸ್ ತಗ್ಗಿಸುವುದು, ಅದೇ ಮೊತ್ತವನ್ನು ಸಣ್ಣ ಪಾಲುಗಳಾಗಿ ಹಂಚುವುದು, ಜೆಲ್‌ಗೆ ಬದಲಿಸುವುದು ಕಾರಣಕ್ಕೇ ಹೋಗುವ ದಾರಿಗಳು.

ಇಲ್ಲೇ ಒಂದು ಎಚ್ಚರಿಕೆ. ಸ್ಕ್ವಾಟ್ ಮಾಡಿದ ಮೇಲಿನ ನೋವು ಸಾಮಾನ್ಯವಾಗಿ ಎರಡೂ ಕಾಲಿಗೆ ಬರುತ್ತದೆ, 24ರಿಂದ 72 ಗಂಟೆಯಲ್ಲಿ ಜೋರಾಗಿದ್ದು ಆಮೇಲೆ ಇಳಿದುಹೋಗುತ್ತದೆ. ಒಂದೇ ಮೀನಖಂಡ ಊದಿಕೊಂಡು ಬಿಸಿಯಾಗಿದ್ದರೆ ಅದನ್ನು ವ್ಯಾಯಾಮದ ನೋವೆಂದು ಮಸಾಜ್ ಮಾಡಿಸಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ಸ್ಕ್ಯಾನ್ ಆಗಲಿ. ಜೊತೆಗೆ ಏದುಸಿರೋ ಎದೆನೋವೋ ಇದ್ದರೆ ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಬೇಕು.

ಲಿವರ್, ಕಿಡ್ನಿಯ ಸುಳ್ಳು ಗಾಬರಿ

ಲಿವರ್ ಪರೀಕ್ಷೆಯಲ್ಲಿ ಅಳೆಯುವ ಎಎಸ್‌ಟಿ, ಎಎಲ್‌ಟಿ ಕಿಣ್ವಗಳೆರಡೂ ಸ್ನಾಯುಗಳಲ್ಲೂ ಇವೆ. ಭಾರಿ ಡೆಡ್‌ಲಿಫ್ಟ್ ಆದ ಮೇಲೆ ಒಂದು ವಾರದವರೆಗೂ ಏರಿರಬಹುದು. ಜೊತೆಗೇ ಸ್ನಾಯುವಿನ ಕಿಣ್ವವಾದ ಸಿಕೆ ಮತ್ತು ಲಿವರ್ ಕಿಣ್ವವಾದ ಜಿಜಿಟಿ ಅಳೆಸಿ. ಸಿಕೆ ಏರಿದ್ದು ಜಿಜಿಟಿ, ಬಿಲಿರುಬಿನ್ ಸಹಜವಾಗಿದ್ದರೆ ಮೂಲ ಸ್ನಾಯುವಿರಬೇಕು. ಏಳು ದಿನ ಭಾರ ಮುಟ್ಟದೆ ಮತ್ತೊಮ್ಮೆ ನೋಡಿ. ಜಿಜಿಟಿಯೂ ಏರಿದ್ದರೆ ಲಿವರ್ ಕಡೆ ನೋಡಲೇಬೇಕು.

ಸ್ನಾಯುವಿನಿಂದ ಬರುವ ತ್ಯಾಜ್ಯವಾದ ಕ್ರಿಯಾಟಿನಿನ್ ಹೆಚ್ಚು ಸ್ನಾಯು ಇರುವವರಲ್ಲಿ ಸಹಜವಾಗಿಯೇ ಹೆಚ್ಚು, ಕ್ರಿಯಾಟಿನ್ ಪುಡಿ ತೆಗೆದುಕೊಂಡರೆ ಇನ್ನೂ ಹೆಚ್ಚು. ಅದರಿಂದ ಲೆಕ್ಕ ಹಾಕಿದ ಕಿಡ್ನಿ ಸಾಮರ್ಥ್ಯ ಸುಳ್ಳಾಗಿ ಕಡಿಮೆ ತೋರುತ್ತದೆ. ಕಿಡ್ನಿಯನ್ನು ಅಳೆಯುವ ಇನ್ನೊಂದು ಪರೀಕ್ಷೆಯಾದ ಸಿಸ್ಟಾಟಿನ್ ಸಿ ಸ್ನಾಯುವಿನ ಗಾತ್ರವನ್ನು ಅಷ್ಟಾಗಿ ಅವಲಂಬಿಸುವುದಿಲ್ಲ, ಅನುಮಾನವಿದ್ದಾಗ ಅದನ್ನು ಸೇರಿಸಿ. ಹಾಗೆಂದು ಪ್ರತಿ ಏರಿಕೆಯನ್ನೂ ಸ್ನಾಯುವಿನ ತಲೆಗೆ ಕಟ್ಟಬಾರದು: ಕೀಲುನೋವಿಗೆಂದು ದಿನಾ ಐಬುಪ್ರೊಫೆನ್ ನುಂಗುವವರಲ್ಲಿ ಕಿಡ್ನಿ ನಿಜಕ್ಕೂ ಕೆಡುತ್ತಿರಬಹುದು.

ಬಿಪಿ ಮತ್ತು ಹೃದಯ

ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಬಿಪಿ ಸುಳ್ಳಾಗಿ ಏರಿ ಕಾಣುತ್ತದೆ. ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ 80 ಶೇಕಡಾ ಆವರಿಸಬೇಕು. ಟೇಪಿನಿಂದ ತೋಳು ಅಳೆದೇ ಪಟ್ಟಿ ಕೊಳ್ಳಿ. ಇದಕ್ಕೆ ವಿರುದ್ಧವಾದ ಮೋಸವೂ ಉಂಟು: ವ್ಯಾಯಾಮ ಮುಗಿದ ಮೇಲೆ ಕೆಲವು ಗಂಟೆ ಬಿಪಿ ಇಳಿದಿರುತ್ತದೆ, ಆಗ ಅಳೆದವರು ಎಲ್ಲ ಸರಿಯಿದೆ ಎಂದುಕೊಳ್ಳುತ್ತಾರೆ. ಐದು ನಿಮಿಷ ಕುಳಿತು, ಬೆಳಿಗ್ಗೆ ವ್ಯಾಯಾಮಕ್ಕೆ ಮುಂಚೆ ಎರಡು ಬಾರಿ, ಸಂಜೆ ಎರಡು ಬಾರಿ, ಹೀಗೆ ಏಳು ದಿನ ಅಳೆಯಿರಿ. ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆಯಿರಿ. ಅದು 135/85 ಮುಟ್ಟಿದರೆ ವೈದ್ಯರಿಗೆ ತಿಳಿಸಬೇಕು. 2025ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಲ್ಲ ಟೆಸ್ಟೋಸ್ಟೆರಾನ್ ಔಷಧಗಳ ಮೇಲೂ ರಕ್ತದೊತ್ತಡದ ಎಚ್ಚರಿಕೆ ಇರಬೇಕೆಂದಿದೆ.

ಬಿಪಿ ಹಿಡಿತಕ್ಕೆ ಬರುವವರೆಗೆ ಉಸಿರು ಬಿಗಿಹಿಡಿದು ಒಂದೇ ಬಾರಿಗೆ ಗರಿಷ್ಠ ಭಾರ ಎತ್ತುವುದು ಬೇಡ. ಧಮನಿಯೊಳಗೇ ಅಳೆದ ಅಧ್ಯಯನವೊಂದರಲ್ಲಿ ಭಾರಿ ಲೆಗ್ ಪ್ರೆಸ್ ವೇಳೆ ಯುವ ದೇಹದಾರ್ಢ್ಯಪಟುಗಳ ಸರಾಸರಿ ಒತ್ತಡ 320/250 ತಲುಪಿತ್ತು.

2023ರಲ್ಲಿ ಪ್ರಕಟವಾದ ಟ್ರಾವರ್ಸ್ ಪ್ರಯೋಗದಲ್ಲಿ ಹೃದ್ರೋಗದ ಅಪಾಯವುಳ್ಳ, 45ರಿಂದ 80 ವಯಸ್ಸಿನ ಐದು ಸಾವಿರಕ್ಕೂ ಹೆಚ್ಚು ಗಂಡಸರಿದ್ದರು. ಜೆಲ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ. ಆದರೆ ಏಟ್ರಿಯಲ್ ಫಿಬ್ರಿಲೇಶನ್ (ಹೃದಯ ಬಡಿತದ ತಾಳ ತಪ್ಪುವಿಕೆ) ಹುಸಿ ಜೆಲ್ ಪಡೆದವರ 2.4ರ ಬದಲು 3.5 ಶೇಕಡಾ ಮಂದಿಯಲ್ಲಿ ಕಂಡಿತು, ಶ್ವಾಸಕೋಶದ ರಕ್ತಹೆಪ್ಪು 0.5ರ ಬದಲು 0.9 ಶೇಕಡಾ. ಆದ್ದರಿಂದ ಬಿಪಿ ಅಳೆಯುವಾಗಲೇ ಮಣಿಕಟ್ಟಿನ ನಾಡಿ ಹಿಡಿದು ಒಂದು ನಿಮಿಷ ಎಣಿಸಿ. ತಾಳ ತಪ್ಪಿದ ಬಡಿತ ಕಂಡರೆ ಇಸಿಜಿ ಆಗಬೇಕು. ಕೊಲೆಸ್ಟ್ರಾಲ್ ವರ್ಷಕ್ಕೊಮ್ಮೆ ಸಾಕು.

ಪ್ರಾಸ್ಟೇಟ್, ಮೂಳೆ, ಸ್ನಾಯುರಜ್ಜು

ಪಿಎಸ್‌ಎಯನ್ನು ಆರಂಭದಲ್ಲಿ ಒಮ್ಮೆ, 3ರಿಂದ 12 ತಿಂಗಳೊಳಗೆ ಇನ್ನೊಮ್ಮೆ ಅಳೆಯಬೇಕು. ಮೊದಲ ವರ್ಷದಲ್ಲಿ ಮಿಲಿಲೀಟರಿಗೆ 1.4 ನ್ಯಾನೊಗ್ರಾಂಗಿಂತ ಹೆಚ್ಚು ಏರಿದರೆ ಅಥವಾ ಯಾವಾಗಲಾದರೂ 4 ದಾಟಿದ್ದು ಮರುಪರೀಕ್ಷೆಯಲ್ಲೂ ಖಚಿತವಾದರೆ ಮೂತ್ರರೋಗ ತಜ್ಞರನ್ನು ಕಾಣಬೇಕು. ವೀರ್ಯಸ್ಖಲನ, ದೀರ್ಘ ಸೈಕಲ್ ಸವಾರಿ ಎರಡನ್ನೂ ಪರೀಕ್ಷೆಗೆ 48 ಗಂಟೆ ಮೊದಲು ತಪ್ಪಿಸಿ. ಕೂದಲಿಗಾಗಿ ಫಿನಾಸ್ಟೆರೈಡ್ ಪಡೆಯುವವರಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಓದುವಾಗ ದುಪ್ಪಟ್ಟು ಮಾಡಿಕೊಳ್ಳಬೇಕು.

ಎಸ್ಟ್ರಾಡಿಯೋಲ್ ಸುಮ್ಮನೆ ಅಳೆಸಿ, ಅಂಕಿ ಇಳಿಸಲು ಅನಾಸ್ಟ್ರೊಜೋಲ್ ನುಂಗುವ ಅಭ್ಯಾಸ ಜಿಮ್‌ಗಳಲ್ಲಿದೆ. ಗಂಡಸಿನ ಮೂಳೆಗೂ ಎಸ್ಟ್ರಾಡಿಯೋಲ್ ಬೇಕು. ಟ್ರಾವರ್ಸ್‌ನಲ್ಲಿ ಚಿಕಿತ್ಸೆ ಪಡೆದವರಿಗೇ ಮೂಳೆಮುರಿತ ಹೆಚ್ಚು ಆಗಿತ್ತು ಎಂಬುದನ್ನು ನೆನಪಿಟ್ಟರೆ, ಹಿರಿಯರ ಮೂಳೆಯೊಂದಿಗೆ ಈ ಆಟ ಬೇಡ ಎನ್ನುವುದು ಸ್ಪಷ್ಟ.

ಸ್ನಾಯುವಿನ ಬಲ ಬೇಗ ಏರುತ್ತದೆ, ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುವಿನದು ನಿಧಾನ. ಮೊದಲ ತಿಂಗಳುಗಳಲ್ಲಿ ಎತ್ತಲಾಗುತ್ತದೆ ಎಂದ ಮಾತ್ರಕ್ಕೆ ಭಾರ ಏರಿಸುತ್ತ ಹೋಗಬಾರದು. 60 ದಾಟಿದವರು ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್‌ನಂಥ ಆಂಟಿಬಯೋಟಿಕ್ ಪಡೆಯುವಾಗ ಹಿಮ್ಮಡಿಯ ರಜ್ಜು ಹರಿಯುವ ಅಪಾಯ ಹೆಚ್ಚು. ಬೇರೆ ಔಷಧ ಸಾಧ್ಯವೇ ಎಂದು ವೈದ್ಯರನ್ನು ಮೊದಲೇ ಕೇಳಿ.

ಹನ್ನೆರಡು ತಿಂಗಳಾದರೂ ಮೂಲ ಲಕ್ಷಣಗಳು ಸುಧಾರಿಸದಿದ್ದರೆ ಚಿಕಿತ್ಸೆ ನಿಲ್ಲಿಸುವ ಮಾತನ್ನು ವೈದ್ಯರೊಂದಿಗೆ ಆಡಬೇಕು. ಬಾರ್‌ನಲ್ಲಿ ಏರಿದ ಕಿಲೋಗಳು ಚಿಕಿತ್ಸೆ ಫಲಿಸಿತೆಂಬುದಕ್ಕೆ ಅಳತೆಯಲ್ಲ.

ಮಾಸ್ಟರ್ಸ್ ಸ್ಪರ್ಧೆಗಿಳಿಯುವವರಿಗೆ: ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ಪಟ್ಟಿಯಲ್ಲಿ ಟೆಸ್ಟೋಸ್ಟೆರಾನ್ ಎಲ್ಲ ಕಾಲಕ್ಕೂ ನಿಷಿದ್ಧ, ವೈದ್ಯರ ಚೀಟಿ ಇದ್ದರೂ ಸಹ. ಚಿಕಿತ್ಸಾ ಬಳಕೆಯ ವಿನಾಯಿತಿ ಬೇಕು. ವೃಷಣ ಅಥವಾ ಪಿಟ್ಯುಟರಿಯ ಖಚಿತ ರೋಗವಿದ್ದವರಿಗೆ ಅದು ಸಿಗಬಹುದು. ಬರೀ ವಯಸ್ಸಿನಿಂದ ಮಟ್ಟ ಇಳಿದಿದೆ ಎಂಬ ಕಾರಣಕ್ಕೆ ಸಿಗುವುದಿಲ್ಲ. ಆರಂಭದ ಎರಡು ಬೆಳಗಿನ ರಿಪೋರ್ಟ್, ಎಲ್‌ಎಚ್, ಎಫ್‌ಎಸ್‌ಎಚ್ ಕಾಗದಗಳನ್ನು ಎತ್ತಿಟ್ಟುಕೊಳ್ಳಿ. ಚಿಕಿತ್ಸೆ ಶುರುವಾದ ಮೇಲೆ ಎಲ್‌ಎಚ್ ತಗ್ಗಿಬಿಡುವುದರಿಂದ ಆ ಪುರಾವೆಯನ್ನು ಮತ್ತೆ ಪಡೆಯಲು ಔಷಧ ಬಿಟ್ಟು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.