ಜನರೇಟರ್ ಎಷ್ಟು ಕೆವಿಎ ಬೇಕು? ಮೊದಲು ಒಂದು ವಾರ ಲಾಗರ್ ಕಟ್ಟಿ ನೋಡಿ

ಓದುಗರ ಪ್ರಶ್ನೆ: ಹಾಸನದ ಹತ್ತಿರ ನಮ್ಮದೊಂದು ಬೇಕರಿ ಇದೆ. ಮೂರು ಫೇಸ್ ಕನೆಕ್ಷನ್. ಡೀಸೆಲ್ ಜನರೇಟರ್ ಹಾಕಿಸಬೇಕು. ಒಬ್ಬ ಡೀಲರ್ 25 ಕೆವಿಎ ಸಾಕು ಅಂತಾರೆ, ಇನ್ನೊಬ್ಬರು 40 ಇಲ್ಲದೆ ಆಗೋದೇ ಇಲ್ಲ ಅಂತಾರೆ. ನಮ್ಮ ಎಲೆಕ್ಟ್ರಿಷಿಯನ್ ಮಾತ್ರ ‘ಪವರ್ ಲಾಗರ್ ಬಾಡಿಗೆಗೆ ತಂದು ಒಂದು ವಾರ ಕಟ್ಟೋಣ’ ಎಂದರು. ಎಂಥ ಲಾಗರ್ ತರಬೇಕು?

ಉತ್ತರ: ನಿಮ್ಮ ಎಲೆಕ್ಟ್ರಿಷಿಯನ್ನನ್ನು ಯಾವತ್ತೂ ಬಿಡಬೇಡಿ. ಲಾಗರ್ ಅಂದರೆ ವೈರಿಗೆ ಕಟ್ಟಿದರೆ ಎಷ್ಟು ಕರೆಂಟು ಹರಿಯಿತು ಎಂದು ಹೊತ್ತುಹೊತ್ತಿಗೆ ಬರೆದಿಟ್ಟುಕೊಳ್ಳುವ ಯಂತ್ರ.

ಡೀಲರುಗಳು ಇಬ್ಬರೂ ಸುಳ್ಳು ಹೇಳಿರಲಿಕ್ಕಿಲ್ಲ. ಒಂದು ಸಾಮಾನ್ಯ ಬೇಕರಿಯನ್ನೇ ತೆಗೆದುಕೊಳ್ಳಿ. ಕರೆಂಟಿನ ಓವನ್ 9 ಕಿಲೋವ್ಯಾಟ್. ಹಿಟ್ಟು ನಾದುವ 3 ಎಚ್‌ಪಿ ಮಷೀನು 2.2. ಎರಡು ಡೀಪ್ ಫ್ರೀಜರ್ ಸೇರಿ 0.8, ಕೇಕ್ ಇಡುವ ಕೂಲಿಂಗ್ ಕೌಂಟರ್ 0.8, ಕಾಫಿ ಮಷೀನು 2, ಲೈಟು ಫ್ಯಾನು ಬಿಲ್ಲಿಂಗ್ ಕಂಪ್ಯೂಟರ್ ಎಲ್ಲ ಸೇರಿ 1. ಕೂಡಿದರೆ ಸುಮಾರು 16 ಕಿಲೋವ್ಯಾಟ್. ಜನರೇಟರಿನ ಅಳತೆ ಕೆವಿಎ; ಅದರಲ್ಲಿ ಕೆಲಸಕ್ಕೆ ಸಿಗುವ ಕಿಲೋವ್ಯಾಟಿನ ಪಾಲು, ಅಂದರೆ ಪವರ್ ಫ್ಯಾಕ್ಟರ್, 0.8 ಎಂದು ಹಿಡಿದರೆ 20 ಕೆವಿಎ, ಸ್ವಲ್ಪ ಉಳಿಕೆ ಇರಲಿ ಅಂತ 25. ಇದು ಮೊದಲಿನವರ ಲೆಕ್ಕ.

ಎರಡನೆಯವರು ನಾದುವ ಮಷೀನಿನ ಸ್ಟಾರ್ಟಿಂಗ್ ನೋಡಿದ್ದಾರೆ. ಓಡುವಾಗ ಆ ಮೋಟರ್ ಎಳೆಯುವುದು 5 ಆಂಪಿಯರ್ ಅಷ್ಟೇ. ನೇರವಾಗಿ ಸ್ಟಾರ್ಟ್ ಮಾಡಿದರೆ ಅದರ ಆರು ಪಟ್ಟು, ಅಂದರೆ 30 ಆಂಪಿಯರ್. 415 ವೋಲ್ಟಿಗೆ ಅದು ಸುಮಾರು 22 ಕೆವಿಎ. ಉಳಿದ ಲೋಡಿನ 17 ಅದಕ್ಕೆ ಸೇರಿದರೆ 39. ಸರಿ, 40 ತಗೊಳ್ಳಿ!

ಎರಡು ಸೆಕೆಂಡಿನ ಆ ಎಳೆತಕ್ಕಾಗಿ ದೊಡ್ಡ ಮಷೀನು ತಂದರೆ ದುಡ್ಡು ಹೋಗುವುದಷ್ಟೇ ಅಲ್ಲ. 40 ಕೆವಿಎ ಅಂದರೆ 32 ಕಿಲೋವ್ಯಾಟ್. ಮಧ್ಯಾಹ್ನ ಓವನ್ ಆರಿದ ಮೇಲೆ ನಿಮ್ಮ ಲೋಡು 5 ದಾಟುವುದು ಅನುಮಾನ. ಡೀಸೆಲ್ ಎಂಜಿನ್ನನ್ನು ಹೀಗೆ ಶೇಕಡಾ 30ಕ್ಕಿಂತ ಕಡಿಮೆ ಲೋಡಿನಲ್ಲಿ ಗಂಟೆಗಟ್ಟಲೆ ಓಡಿಸಿದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಸೈಲೆನ್ಸರಿನಲ್ಲಿ ಕಪ್ಪು ಜಿಡ್ಡು ಕಟ್ಟುತ್ತದೆ, ಹೊಗೆ ಜಾಸ್ತಿಯಾಗುತ್ತದೆ. ಬೇಕರಿ ಮುಂದೆ ಯಾರಿಗೆ ಬೇಕು ಹೇಳಿ.

ನಿಮ್ಮ ಅಂಗಡಿಯಲ್ಲಿ ಯಾವುದೆಲ್ಲ ಒಟ್ಟಿಗೆ ಓಡುತ್ತದೆ, ಎಷ್ಟು ಹೊತ್ತು ಓಡುತ್ತದೆ ಎಂಬುದು ಈ ಎರಡು ಲೆಕ್ಕದಲ್ಲೂ ಇಲ್ಲ. ಅದನ್ನು ಲಾಗರ್ ಹೇಳುತ್ತದೆ. ಆದರೆ ಎಲ್ಲ ಲಾಗರೂ ಹೇಳುವುದಿಲ್ಲ.

ಬಾಡಿಗೆಗೆ ಕೊಡುವವರನ್ನು ಮೊದಲು ಕೇಳಬೇಕಾದ್ದು ಇದು: ‘ಇದು ಬರೀ ಸರಾಸರಿ ಬರೆದುಕೊಳ್ಳುತ್ತದೋ, ಗರಿಷ್ಠವನ್ನೂ ಬರೆದುಕೊಳ್ಳುತ್ತದೋ?’ 15 ನಿಮಿಷದ ಸರಾಸರಿ ಮಾತ್ರ ಇಡುವ ಲಾಗರಿನಲ್ಲಿ ಆ ಎರಡು ಸೆಕೆಂಡಿನ 30 ಆಂಪಿಯರ್ ಕರಗಿಯೇ ಹೋಗುತ್ತದೆ. ಗ್ರಾಫು ನುಣ್ಣಗೆ ಕಾಣುತ್ತದೆ, ಜನರೇಟರ್ ಮಾತ್ರ ಮೊದಲ ದಿನವೇ ಮುಗ್ಗರಿಸುತ್ತದೆ. ಒಂದು ನಿಮಿಷಕ್ಕೊಮ್ಮೆ ಬರೆದುಕೊಂಡು, ಪ್ರತಿ ನಿಮಿಷದ ಸರಾಸರಿ, ಗರಿಷ್ಠ, ಕನಿಷ್ಠ ಮೂರನ್ನೂ ಇಡುವಂಥದ್ದು ಬೇಕು. ಒಂದು ವಾರಕ್ಕೆ 10,080 ಸಾಲು. ಈಗಿನ ಲಾಗರುಗಳ ಮೆಮೊರಿಗೆ ಅದು ಯಾವ ಲೆಕ್ಕ!

ಎರಡನೆಯದು, ಮೂರು ಫೇಸಿನ ಕರೆಂಟು, ವೋಲ್ಟೇಜು ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಆಂಪಿಯರ್ ಮಾತ್ರ ಅಳೆಯುವ ಅಗ್ಗದ ಲಾಗರ್ ಕಿಲೋವ್ಯಾಟೂ ಹೇಳುವುದಿಲ್ಲ, ಪವರ್ ಫ್ಯಾಕ್ಟರೂ ಹೇಳುವುದಿಲ್ಲ. ಫೇಸ್ ಬೇರೆ ಬೇರೆ ಯಾಕೆ ಅಂದರೆ, ಎಷ್ಟೋ ಅಂಗಡಿಗಳಲ್ಲಿ ಫ್ರೀಜರ್, ಕೌಂಟರ್, ಕಾಫಿ ಮಷೀನು, ಲೈಟು ಎಲ್ಲವನ್ನೂ ಆರ್, ವೈ, ಬಿ ಎಂಬ ಮೂರು ಫೇಸುಗಳಲ್ಲಿ ಆರ್ ಒಂದಕ್ಕೇ ಎಳೆದಿರುತ್ತಾರೆ. ಮೇಲಿನ ಬೇಕರಿಯಲ್ಲಿ ಹಾಗೆ ಮಾಡಿದ್ದರೆ ಅವೇ 20 ಆಂಪಿಯರ್. ಓವನ್ನಿನ 13, ಮೋಟರಿನ 5 ಸೇರಿ ಆರ್ ಫೇಸಿನಲ್ಲಿ 38. ವೈ, ಬಿ ಎರಡರಲ್ಲೂ 18 ಮಾತ್ರ. ಒಟ್ಟು ಹದಿನೆಂಟು ಕೆವಿಎ ಕೂಡ ಆಗಲಿಲ್ಲ. ಆದರೂ 25 ಕೆವಿಎ ಜನರೇಟರ್ ಒಂದು ಫೇಸಿಗೆ ಕೊಡುವುದು 35 ಆಂಪಿಯರ್. ಆರ್ ಫೇಸ್ ಆಗಲೇ ದಾಟಿತು. ಇದಕ್ಕೆ ಮದ್ದು ದೊಡ್ಡ ಜನರೇಟರ್ ಅಲ್ಲ, ಡಿಬಿಯಲ್ಲಿ (ವೈರುಗಳನ್ನು ಹಂಚುವ ಪೆಟ್ಟಿಗೆಯಲ್ಲಿ) ಎರಡು ವೈರು ಆಚೀಚೆ ಮಾಡುವುದು.

ಕ್ಲಾಂಪಿನ, ಅಂದರೆ ವೈರನ್ನು ಹಿಡಿದು ಕರೆಂಟು ಅಳೆಯುವ ಲಾಗರಿನ ಕೊಂಡಿಯ, ವಿಷಯದಲ್ಲಿ ಜನ ಮೋಸ ಹೋಗುತ್ತಾರೆ. ಹಗ್ಗದ ಹಾಗೆ ಬಾಗುವ ಕಾಯಿಲ್ ನೋಡಲು ಚೆಂದ, ಸುತ್ತಲು ಸುಲಭ. ಆದರೆ 1500, 3000 ಆಂಪಿಯರಿಗೆ ಮಾಡಿದ ಕಾಯಿಲಿನಲ್ಲಿ ನಿಮ್ಮ 5 ಆಂಪಿಯರ್ ಅಳೆಯುವುದು, ಅಕ್ಕಿ ಮೂಟೆಯ ತಕ್ಕಡಿಯಲ್ಲಿ ಏಲಕ್ಕಿ ತೂಗಿದ ಹಾಗೆ. ನಿಮಗೆ ಬೇಕಿರುವುದು 100 ಆಂಪಿಯರಿನ ಗಟ್ಟಿ ಕ್ಲಾಂಪ್. ಕಾಯಿಲೇ ಸಿಕ್ಕಿದರೆ ವೈರಿಗೆ ಎರಡು ಸುತ್ತು ಸುತ್ತಿ, ಬಂದ ಅಂಕಿಯನ್ನು ಅರ್ಧ ಮಾಡಿಕೊಳ್ಳಿ.

ಕ್ಲಾಂಪಿನ ಮೇಲೊಂದು ಬಾಣದ ಗುರುತು ಇರುತ್ತದೆ, ಅದು ಲೋಡಿನ ಕಡೆ ತಿರುಗಿರಬೇಕು. ನಾನೇ ಒಮ್ಮೆ ಒಂದನ್ನು ತಿರುಗಾಮುರುಗಾ ಹಾಕಿ, ನೋಡದೆ ಮನೆಗೆ ಹೋಗಿದ್ದೆ. ಮೂರು ದಿನ ಒಂದು ಫೇಸು ಮೈನಸ್ ತೋರಿಸುತ್ತಾ ಉಳಿದ ಎರಡರ ಲೆಕ್ಕವನ್ನು ತಿನ್ನುತ್ತಿತ್ತು. ಕಟ್ಟಿದ ಮೇಲೆ ಹತ್ತು ನಿಮಿಷ ಅಲ್ಲೇ ನಿಂತು ಮೂರೂ ಫೇಸಿನ ಕಿಲೋವ್ಯಾಟ್ ಪ್ಲಸ್ ಇದೆಯಾ ನೋಡಿ, ಆಮೇಲೆ ಕಾಫಿ ಕುಡಿಯಿರಿ.

ಸುರಕ್ಷತೆಗೆ ಲಾಗರಿನ ಮೇಲೆ ಅಚ್ಚು ಹಾಕಿರುವ ‘ಕ್ಯಾಟ್’ ದರ್ಜೆ ನೋಡಿ, ವೋಲ್ಟೇಜಿನ ಹಠಾತ್ ಹೊಡೆತವನ್ನು ಅದು ಎಷ್ಟು ತಡೆಯುತ್ತದೆ ಎಂದು ಹೇಳುವುದು ಅದೇ. ಡಿಬಿಯಲ್ಲಿ ಕಟ್ಟಲು ಕ್ಯಾಟ್ 3, 600 ವೋಲ್ಟ್ ಸಾಕು. ಮೀಟರ್ ಹತ್ತಿರವಾದರೆ ಕ್ಯಾಟ್ 4 ಇರಲಿ. ಪ್ಯಾನೆಲ್ ಬಾಗಿಲು ತೆಗೆಯುವುದು ಲೈಸೆನ್ಸ್ ಇರುವವರ ಕೆಲಸ, ನೀವು ಟಾರ್ಚ್ ಹಿಡಿದರೆ ಸಾಕು. ಹಿಯೋಕಿಯ ಪಿಡಬ್ಲ್ಯು3365 ಮಾದರಿಯಲ್ಲಿ ವೋಲ್ಟೇಜನ್ನೂ ವೈರಿನ ಪ್ಲಾಸ್ಟಿಕ್ ಹೊದಿಕೆಯ ಮೇಲಿಂದಲೇ ಹಿಡಿಯಬಹುದು, ತಾಮ್ರ ಮುಟ್ಟಬೇಕಿಲ್ಲ. ಅದು ಸಿಕ್ಕಿದರೆ ಒಳ್ಳೆಯದು. ಫ್ಲೂಕ್ 1732, 1734 ಕೂಡ ನಿಮ್ಮ ಕೆಲಸಕ್ಕೆ ಧಾರಾಳ. ‘ಕ್ಲಾಸ್ ಎ’, ಅಂದರೆ ಅತಿ ನಿಖರ ದರ್ಜೆಯ, ಅನಲೈಸರ್ ತಗೊಳ್ಳಿ ಅಂತ ಯಾರಾದರೂ ಹೇಳಿದರೆ ಸುಮ್ನೆ ಕೈ ಮುಗಿಯಿರಿ. ವಿದ್ಯುತ್ ಗುಣಮಟ್ಟದ ಬಗ್ಗೆ ವಿದ್ಯುತ್ ಕಂಪನಿಯ ಜೊತೆ ವ್ಯಾಜ್ಯ ಮಾಡುವವರಿಗೆ ಅದು, ಜನರೇಟರ್ ಆರಿಸುವವರಿಗಲ್ಲ.

ಎಲ್ಲಿ ಕಟ್ಟಬೇಕು? ಕರೆಂಟ್ ಹೋದಾಗ ಓವನ್ ಓಡಲೇಬೇಕಾ ಎಂಬುದನ್ನು ಮೊದಲು ತೀರ್ಮಾನಿಸಿ. ಬೇಡ ಅಂತಾದರೆ ಮೈನಿನಲ್ಲಿ ಕಟ್ಟಿ ಪ್ರಯೋಜನವಿಲ್ಲ, ಜನರೇಟರಿಗೆ ಸೇರುವ ಲೈನುಗಳಲ್ಲಿ ಮಾತ್ರ ಕಟ್ಟಿ. ನಾದುವ ಮಷೀನಿನ ಎಳೆತ ಒಂದೇ ತೊಂದರೆ ಎಂದು ಗ್ರಾಫು ತೋರಿಸಿದರೆ ಅದಕ್ಕೊಂದು ವಿಎಫ್‌ಡಿ ಹಾಕಿಸಿ. ಅದು ಮೋಟರಿನ ವೇಗ ಹಿಡಿತದಲ್ಲಿಡುವ ಪೆಟ್ಟಿಗೆ; ಮೋಟರ್ ಮೆಲ್ಲಗೆ ಏಳುತ್ತದೆ, 25ರಲ್ಲೇ ಕೆಲಸ ಮುಗಿಯಬಹುದು.

ಒಳಗೆ ಬ್ಯಾಟರಿ ಇರುವ ಲಾಗರ್ ಆದರೆ ಕರೆಂಟ್ ಯಾವಾಗ ಹೋಯಿತು, ಎಷ್ಟು ಹೊತ್ತಿಗೆ ಬಂತು ಎನ್ನುವುದೂ ಸಿಗುತ್ತದೆ. ಹತ್ತು ನಿಮಿಷದ ಕಡಿತವೇ ಜಾಸ್ತಿ ಇದ್ದರೆ ಫ್ರೀಜರಿನ ಚಿಂತೆ ಬಿಡಿ, ಬಿಲ್ಲಿಂಗಿಗೆ ಲೈಟಿಗೆ ಇನ್ವರ್ಟರ್ ಸಾಕಾದೀತು.

ವಾರ ಯಾವುದು ಎಂಬುದೂ ಮುಖ್ಯ. ಬೇಕರಿಗೆ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಆಷಾಢದಲ್ಲಿ ಕಟ್ಟಿದರೆ ಆಷಾಢದ ಲೆಕ್ಕವೇ ಬರುತ್ತದೆ, ಅಲ್ವಾ?

ಆ ಏಳು ದಿನವೂ ಹುಡುಗರ ಕೈಲಿ ಒಂದು ನೋಟ್‌ಬುಕ್ ಕೊಟ್ಟು, ಓವನ್ ಹಚ್ಚಿದ್ದು, ಹಿಟ್ಟು ಹಾಕಿದ್ದು ಎಷ್ಟು ಗಂಟೆಗೆ ಎಂದು ಬರೆಸಿ. ಗ್ರಾಫಿನಲ್ಲಿ ಶಿಖರ ಕಾಣುತ್ತದೆ, ಅದರ ಹೆಸರು ಕಾಣುವುದಿಲ್ಲ. ಕಟ್ಟುವ ಮುಂಚೆ ಲಾಗರಿನ ಗಡಿಯಾರವನ್ನು ನಿಮ್ಮ ಫೋನಿಗೆ ಸರಿಹೊಂದಿಸಿ. ಒಂದು ಅಂಗಡಿಯಲ್ಲಿ ದಿನಾ ರಾತ್ರಿ 11ಕ್ಕೆ ಸರಿಯಾಗಿ ದೊಡ್ಡ ಲೋಡು ಕಾಣುತ್ತಿತ್ತು. ಮಾಲೀಕರು ‘ಒಂಬತ್ತಕ್ಕೇ ಶಟರ್ ಎಳೀತೀವಿ ಸಾರ್’ ಎಂದು ಆಣೆ ಮಾಡಿದರು. ಒಳಗೆ ಯಾರೋ ಕಳ್ಳತನದಿಂದ ಬಳಸುತ್ತಿದ್ದಾರೆ ಎಂಬಲ್ಲಿವರೆಗೆ ಮಾತು ಹೋಯಿತು. ಕೊನೆಗೆ ನೋಡಿದರೆ ಲಾಗರ್ ಗ್ರೀನಿಚ್ ಸಮಯದಲ್ಲಿತ್ತು. ಅದು ಬೆಳಗಿನ ಜಾವ ನಾಲ್ಕೂವರೆಗೆ ಹಚ್ಚುತ್ತಿದ್ದ ಓವನ್.