ಗುರುವಿನಂಥ ಗ್ರಹ ಸಿಗಲು ಯಾಕಿಷ್ಟು ತಡ?

ಸೂರ್ಯ ತುಲಾ ರಾಶಿಗೆ ಬಂದಾಗ ತಲಕಾವೇರಿಯಲ್ಲಿ ತೀರ್ಥೋದ್ಭವ. ಗುರು ತುಲಾ ರಾಶಿಗೆ ಬಂದಾಗ ಕಾವೇರಿಗೆ ಪುಷ್ಕರ, ಅಂದರೆ ನದಿಸ್ನಾನದ ಉತ್ಸವ. ಮೊದಲನೆಯದು ವರ್ಷಕ್ಕೊಮ್ಮೆ ಬರುತ್ತದೆ, ಕೊಡಗಿನವರಿಗೆಲ್ಲ ಗೊತ್ತು. ಎರಡನೆಯದು ನಮ್ಮ ಕಡೆ ಅಷ್ಟಾಗಿ ನೆನಪಿನಲ್ಲಿರುವುದಿಲ್ಲ. ಕಳೆದ ಸಲ ಬಂದಿದ್ದು 2017ರ ಸೆಪ್ಟೆಂಬರಿನಲ್ಲಿ, ಅದರ ಹಿಂದಿನದು 2005ರಲ್ಲಿ. ಈ ಹನ್ನೆರಡು ವರ್ಷ ಯಾರೋ ಸುಮ್ನೆ ಇಟ್ಟ ಲೆಕ್ಕವಲ್ಲ. ತೀರ್ಥೋದ್ಭವ ಭೂಮಿಯ ಒಂದು ಸುತ್ತಿನ ಲೆಕ್ಕವಾದರೆ ಪುಷ್ಕರ ಗುರುವಿನ ಒಂದು ಸುತ್ತಿನ ಲೆಕ್ಕ. ಸರಿಯಾಗಿ ಹೇಳಬೇಕೆಂದರೆ 11.86 ವರ್ಷ. ಶನಿಗೆ 29 ವರ್ಷ ದಾಟುತ್ತದೆ. ಒಂದೊಂದು ರಾಶಿಗೆ ಎರಡೂವರೆ ವರ್ಷದಂತೆ ಮೂರು ರಾಶಿ ದಾಟಿದರೆ ಏಳೂವರೆ ವರ್ಷ, ಅದೇ ಸಾಡೇಸಾತಿ. ಫಲ ನಂಬುವುದು ಬಿಡುವುದು ನಿಮಗೆ ಸೇರಿದ್ದು, ಲೆಕ್ಕ ಮಾತ್ರ ಸರಿಯಾಗಿದೆ.

ಬೇರೆ ನಕ್ಷತ್ರಗಳಿಗೂ ಇಂಥ ಗುರು, ಶನಿ ಇದ್ದಾರಾ? ನಾಸಾ ಇಟ್ಟಿರುವ ಪಟ್ಟಿಯಲ್ಲಿ ಸೂರ್ಯನಾಚೆಯ ಗ್ರಹಗಳ ಸಂಖ್ಯೆ 2025ರ ಸೆಪ್ಟೆಂಬರಿನಲ್ಲಿ 6000 ದಾಟಿತು. ಆದರೆ ಅವುಗಳಲ್ಲಿ ಹೆಚ್ಚಿನವು ಕೆಲವೇ ದಿನ ಅಥವಾ ವಾರಗಳಲ್ಲಿ ತಮ್ಮ ನಕ್ಷತ್ರವನ್ನು ಸುತ್ತಿಬಿಡುವಂಥವು. ನಕ್ಷತ್ರಕ್ಕೆ ಅಷ್ಟು ಹತ್ತಿರ ಇರುವುದರಿಂದ ಕೆಂಡದ ಹಾಗೆ ಬಿಸಿ. ಗುರುವಿನಂತೆ ದೂರದಲ್ಲಿ, ತಣ್ಣಗೆ, ನಿಧಾನವಾಗಿ ಸುತ್ತುವ ದೈತ್ಯ ಗ್ರಹಗಳು ಪಟ್ಟಿಯಲ್ಲಿ ಕಡಿಮೆ. ಪಟ್ಟಿಯಲ್ಲಿ ಕಡಿಮೆ ಅಂದ ಮಾತ್ರಕ್ಕೆ ಆಕಾಶದಲ್ಲೂ ಕಡಿಮೆ ಅಂತಲ್ಲ. ನಾವು ಎಷ್ಟು ಕಾಲ ನೋಡಿದ್ದೇವೆ ಅನ್ನುವುದರ ಮೇಲೆ ಏನು ಸಿಗುತ್ತದೆ ಅನ್ನುವುದು ನಿಂತಿದೆ.

ಹುಡುಕುವ ವಿಧಾನ ನೋಡಿದರೆ ಇದು ಗೊತ್ತಾಗುತ್ತದೆ. ನಕ್ಷತ್ರದ ಪಕ್ಕ ಗ್ರಹ ನೇರವಾಗಿ ಕಾಣುವುದು ತೀರಾ ಅಪರೂಪ. ನಕ್ಷತ್ರದ ಬೆಳಕೇ ಎಲ್ಲವನ್ನೂ ಮುಳುಗಿಸುತ್ತದೆ. ಹಾಗಾಗಿ ಗ್ರಹವನ್ನು ಬಿಟ್ಟು ನಕ್ಷತ್ರದ ಮೇಲೆ ಕಣ್ಣಿಡುತ್ತಾರೆ. ಸುತ್ತುವ ಗ್ರಹ ನಕ್ಷತ್ರವನ್ನೂ ಒಂಚೂರು ಎಳೆಯುತ್ತದೆ. ನಕ್ಷತ್ರ ಒಮ್ಮೆ ನಮ್ಮ ಕಡೆ, ಒಮ್ಮೆ ಆಚೆ ಕಡೆ ಸರಿಯುತ್ತದೆ. ಅದಕ್ಕೆ ತಕ್ಕಂತೆ ಅದರ ಬೆಳಕಿನ ರೋಹಿತದಲ್ಲಿರುವ (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದಾಗ ಸಿಗುವ ಪಟ್ಟಿಯಲ್ಲಿರುವ) ಗೆರೆಗಳು ಕೂದಲೆಳೆಯಷ್ಟು ಜರುಗುತ್ತವೆ. ಗುರು ನಮ್ಮ ಸೂರ್ಯನನ್ನು ಎಳೆದಾಡುವ ವೇಗ ಸೆಕೆಂಡಿಗೆ ಸುಮಾರು 12.5 ಮೀಟರ್. ಶನಿಯದು ಮೂರು ಮೀಟರ್ ಕೂಡ ಇಲ್ಲ. ಇಷ್ಟು ಸಣ್ಣ ವೇಗ ಅಳೆಯುವುದೇ ಕಷ್ಟ, ಅದರ ಮೇಲೆ ಅದು ಪೂರ್ತಿ ಏರಿ ಇಳಿಯುವುದನ್ನು ನೋಡಲು ಹನ್ನೆರಡು ವರ್ಷ ಬೇಕು.

ಇನ್ನೊಂದು ದಾರಿ, ಗ್ರಹ ನಕ್ಷತ್ರದ ಮುಂದೆ ಅಡ್ಡ ಹಾಯುವಾಗ ಬೆಳಕು ಎಷ್ಟು ಕಮ್ಮಿಯಾಗುತ್ತದೆ ಎಂದು ನೋಡುವುದು. ಗುರುವಿನಷ್ಟು ದೂರದ ಗ್ರಹ ನಮ್ಮ ಕಣ್ಣಿನ ನೇರಕ್ಕೆ ಅಡ್ಡ ಹಾಯುವ ಸಾಧ್ಯತೆ ಸಾವಿರಕ್ಕೆ ಹೆಚ್ಚು ಕಡಿಮೆ ಒಂದು. ಹಾಯ್ದರೂ ಹನ್ನೆರಡು ವರ್ಷಕ್ಕೊಮ್ಮೆ, ಸುಮಾರು 30 ಗಂಟೆ, ಬೆಳಕು ಕಮ್ಮಿಯಾಗುವುದು ನೂರಕ್ಕೆ ಒಂದು ಪಾಲು. ಆ 30 ಗಂಟೆ ಟೆಲಿಸ್ಕೋಪು ಬೇರೆ ಕಡೆ ತಿರುಗಿದ್ದರೆ ಮುಗಿಯಿತು, ಮತ್ತೆ ಹನ್ನೆರಡು ವರ್ಷ.

ಈ ಹುಡುಕಾಟದ ಮೊದಲ ಪುಟಗಳಲ್ಲೊಂದು ಬರೆದದ್ದು ನಮ್ಮ ದಕ್ಷಿಣದಲ್ಲೇ. ಕೊಡಗಿನಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಶುರುವಾಗಿದ್ದು 1854ರ ಸುಮಾರಿಗೆ. ಹೆಚ್ಚು ಕಡಿಮೆ ಅದೇ ಹೊತ್ತಿಗೆ, 1855ರಲ್ಲಿ, ಮದರಾಸು ವೀಕ್ಷಣಾಲಯದ ಕ್ಯಾಪ್ಟನ್ ಡಬ್ಲ್ಯು. ಎಸ್. ಜೇಕಬ್ 70 ಒಫಿಯುಕಿ ಎಂಬ ಜೋಡಿ ನಕ್ಷತ್ರದ ಬಗ್ಗೆ ಒಂದು ಲೇಖನ ಬರೆದರು. ಆ ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತಲು 88 ವರ್ಷ ಬೇಕು. ಲೆಕ್ಕ ಹೇಳಿದ ಜಾಗದಲ್ಲಿ ಅವು ಸರಿಯಾಗಿ ಇರಲಿಲ್ಲ. ಕಾಣದ ಗ್ರಹವೊಂದು ಎಳೆಯುತ್ತಿರುವ ಸಾಧ್ಯತೆ ತುಂಬಾ ಇದೆ ಎಂದು ಜೇಕಬ್ ತೀರ್ಮಾನಿಸಿದರು. 1890ರ ದಶಕದಲ್ಲಿ ಅಮೆರಿಕದ ಟಿ. ಜೆ. ಜೆ. ಸೀ ಅದೇ ಜೋಡಿಯಲ್ಲಿ 36 ವರ್ಷಕ್ಕೊಮ್ಮೆ ಸುತ್ತುವ ಜೊತೆಗಾರ ಇದ್ದಾನೆ ಎಂದರು. 1899ರಲ್ಲಿ ಫಾರೆಸ್ಟ್ ರೇ ಮೌಲ್ಟನ್ ಲೆಕ್ಕ ಹಾಕಿ, ಅಂಥ ಕಕ್ಷೆಯಲ್ಲಿ ಯಾವುದೂ ಹೆಚ್ಚು ಕಾಲ ನಿಲ್ಲುವುದಿಲ್ಲ ಎಂದು ತೋರಿಸಿದರು. ಮದರಾಸಿನ ಖಗೋಳ ಕೆಲಸ ಕೊಡೈಕೆನಾಲಿಗೆ ಹೋಗಿದ್ದೂ 1899ರಲ್ಲೇ. ಅದರ ಇವತ್ತಿನ ವಾರಸುದಾರ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಜೇಕಬ್ ಹೇಳಿದ ಗ್ರಹ ಸುಳ್ಳಾಯಿತು, ನಿಜ. ಆದರೆ ನಕ್ಷತ್ರದ ಓಲಾಟ ನೋಡಿ ಗ್ರಹ ಹಿಡಿಯಬಹುದು ಎಂದು ಅಷ್ಟು ಹಿಂದೆ ಯೋಚಿಸಿದ್ದು ಸಣ್ಣ ವಿಷಯವಲ್ಲ.

ಮುಂದಿನ ಪೆಟ್ಟು ಇನ್ನೂ ಜೋರು. ಅಮೆರಿಕದ ಸ್ಪ್ರೌಲ್ ವೀಕ್ಷಣಾಲಯದ ಪೀಟರ್ ವಾನ್ ಡೆ ಕಾಂಪ್ ಬರ್ನಾರ್ಡ್ ನಕ್ಷತ್ರದ ಫೋಟೋ ತಟ್ಟೆಗಳನ್ನು ದಶಕಗಳ ಕಾಲ ಅಳೆದರು. 1963ರಲ್ಲಿ, 24 ವರ್ಷಕ್ಕೊಮ್ಮೆ ಸುತ್ತುವ, ಗುರುವಿಗಿಂತ ದೊಡ್ಡ ಗ್ರಹ ಅಲ್ಲಿದೆ ಎಂದು ಘೋಷಿಸಿದರು. ಪಠ್ಯಪುಸ್ತಕಗಳಿಗೂ ಅದು ಹೋಯಿತು. 1973ರಲ್ಲಿ ಗೇಟ್‌ವುಡ್ ಮತ್ತು ಐಕಾರ್ನ್ ಬೇರೆ ಟೆಲಿಸ್ಕೋಪಿನ ತಟ್ಟೆಗಳನ್ನು ನೋಡಿದಾಗ ಓಲಾಟವೇ ಇರಲಿಲ್ಲ. ಅದೇ ವರ್ಷ ಸ್ಪ್ರೌಲ್‌ನಲ್ಲೇ ಇದ್ದ ಜಾನ್ ಹರ್ಷಿ ಇನ್ನೊಂದು ಸಂಗತಿ ಗಮನಿಸಿದರು. ಅಲ್ಲಿನ ಟೆಲಿಸ್ಕೋಪಿನಲ್ಲಿ ಬೇರೆ ನಕ್ಷತ್ರಗಳೂ ಅದೇ ಸಮಯಕ್ಕೆ ಹಾಗೇ ಓಲಾಡಿದ್ದವು. ಮಸೂರವನ್ನು ಬಿಚ್ಚಿ ಜೋಡಿಸಿದಾಗೆಲ್ಲ ಅಳತೆ ಹಾರಿತ್ತು. ವಾನ್ ಡೆ ಕಾಂಪ್ ಕೊನೆವರೆಗೂ ಒಪ್ಪಲಿಲ್ಲ. 1995ರ ಮೇ ತಿಂಗಳಲ್ಲಿ ತೀರಿಕೊಂಡರು.

ಕೊಡಗಿನ ತೋಟದವರಿಗೆ ಈ ತೊಂದರೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ತೋಟಗಳಲ್ಲಿ ಮಳೆ ಪುಸ್ತಕ ಇರುತ್ತದೆ. ಇಂಚು, ಸೆಂಟ್ ಲೆಕ್ಕದಲ್ಲಿ ಅಜ್ಜ ಬರೆದದ್ದು, ಅಪ್ಪ ಬರೆದದ್ದು, ಈಗ ಮಕ್ಕಳು ಬರೆಯುತ್ತಿರುವುದು. ಒಂದು ವರ್ಷ ಹೂಮಳೆ ಕೈಕೊಟ್ಟಿತು ಅಂತ ಮಳೆಯ ಗುಣವೇ ಬದಲಾಯಿತು ಎನ್ನಲಾಗದು, ಅದಕ್ಕೆ ಮೂವತ್ತು ನಲವತ್ತು ವರ್ಷದ ಪುಟ ತಿರುವಬೇಕು. ನಡುವೆ ಯಾರೋ ಮಳೆ ಅಳೆಯುವ ಡಬ್ಬವನ್ನು ಅಂಗಳದಿಂದ ತೆಗೆದು ಮರದ ಹತ್ತಿರ ಇಟ್ಟು, ಅದನ್ನು ಬರೆದಿಡದೇ ಹೋದರೆ? ಮಳೆ ಕಡಿಮೆಯಾಯಿತು ಎಂದು ಪುಸ್ತಕ ಸುಳ್ಳು ಹೇಳುತ್ತದೆ. ವಾನ್ ಡೆ ಕಾಂಪ್‌ಗೆ ಆಗಿದ್ದು ಅದೇ.

1980ರ ಸುಮಾರಿಗೆ ಕೆನಡಾದ ಬ್ರೂಸ್ ಕ್ಯಾಂಪ್‌ಬೆಲ್ ಮತ್ತು ಗಾರ್ಡನ್ ವಾಕರ್ ಈ ಸುಳ್ಳಿಗೆ ಮದ್ದು ಹುಡುಕಿದರು. ನಕ್ಷತ್ರದ ಬೆಳಕನ್ನು ಹೈಡ್ರೋಜನ್ ಫ್ಲೋರೈಡ್ ಅನಿಲದ ಮೂಲಕ ಹಾಯಿಸಿದರು. ಅನಿಲದ ಗೆರೆಗಳು ಜಾಗ ಬಿಟ್ಟು ಕದಲುವುದಿಲ್ಲ. ಅವೇ ಅಳತೆಕೋಲು. ಉಪಕರಣ ಜರುಗಿದರೂ ಗೊತ್ತಾಗಿಬಿಡುತ್ತದೆ. ಅನಿಲ ಮಾತ್ರ ಕಡು ವಿಷ. ಹವಾಯಿಯ ಟೆಲಿಸ್ಕೋಪಿನಲ್ಲಿ ವರ್ಷಕ್ಕೆ ಬೆರಳೆಣಿಕೆಯ ರಾತ್ರಿ ಸಿಗುತ್ತಿತ್ತು. 21 ನಕ್ಷತ್ರಗಳನ್ನು ಹನ್ನೆರಡು ವರ್ಷ ನೋಡಿದರು. ಗಾಮಾ ಸೆಫೈ ಎಂಬ ನಕ್ಷತ್ರದಲ್ಲಿ ಏನೋ ಕಂಡಿತು, ಆದರೆ ಅದು ನಕ್ಷತ್ರದ್ದೇ ಚಟುವಟಿಕೆ ಇರಬಹುದೆಂದು ಹಿಂದೆ ಸರಿದರು. ಕಾಯಂ ಹುದ್ದೆ ಸಿಗದೆ ಕ್ಯಾಂಪ್‌ಬೆಲ್ ಖಗೋಳವನ್ನೇ ಬಿಟ್ಟರು. ಗ್ರಹ ಸಿಗಲಿಲ್ಲ ಎಂಬ ಅವರ ಕೊನೆಯ ವರದಿ ಅಚ್ಚಾಗಿದ್ದು 1995ರಲ್ಲಿ.

ಅದೇ ವರ್ಷದ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ 51 ಪೆಗಾಸಿ ನಕ್ಷತ್ರಕ್ಕೆ ಗ್ರಹ ಇದೆ ಎಂದು ಹೇಳಿದರು. ಗುರುವಿನ ಅರ್ಧದಷ್ಟು ತೂಕ, ಸುತ್ತುವುದು 4.2 ದಿನಕ್ಕೊಮ್ಮೆ! ಎಲ್ಲರೂ ನಮ್ಮ ಗುರುವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹತ್ತು ಹನ್ನೆರಡು ವರ್ಷದ ಓಲಾಟ ಹುಡುಕುತ್ತಿದ್ದರು. ನಾಲ್ಕು ದಿನದ ಓಲಾಟ ಹುಡುಕಲು ಯಾರಿಗೂ ತೋಚಿರಲಿಲ್ಲ. ಯಾರಿಗೂ ಅಂದರೆ ತಪ್ಪಾಗುತ್ತದೆ, ಆಟೊ ಸ್ಟ್ರೂವ್ 1952ರಲ್ಲೇ ಇಂಥ ಹತ್ತಿರದ ದೈತ್ಯ ಗ್ರಹಗಳನ್ನು ಹುಡುಕಿ ಎಂದು ಬರೆದಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಅಷ್ಟೆ. ಮೇಯರ್ ಮತ್ತು ಕೆಲೋಗೆ 2019ರಲ್ಲಿ ನೊಬೆಲ್ ಬಂತು. ಕ್ಯಾಂಪ್‌ಬೆಲ್, ವಾಕರ್ ಹೆಸರು ಇವತ್ತಿಗೂ ಹೆಚ್ಚಿನವರಿಗೆ ಗೊತ್ತಿಲ್ಲ. ಗಾಮಾ ಸೆಫೈಯಲ್ಲಿ ಅವರು ಕಂಡದ್ದು ನಿಜವಾದ ಗ್ರಹವೇ, ಸುಮಾರು ಎರಡೂವರೆ ವರ್ಷಕ್ಕೊಮ್ಮೆ ಸುತ್ತುತ್ತದೆ ಎಂದು 2003ರಲ್ಲಿ ಆರ್ಟಿ ಹಾಟ್ಸೆಸ್ ತಂಡ ತೋರಿಸಿತು. ನನ್ನ ಮಟ್ಟಿಗೆ ಈ ಇತಿಹಾಸದಲ್ಲಿ ದೊಡ್ಡ ಅನ್ಯಾಯ ಆಗಿದ್ದು ಇವರಿಗೇ.

ಆಮೇಲೆ ಬಿಸಿ ಗ್ರಹಗಳ ಸುರಿಮಳೆ. ತಣ್ಣನೆಯವು ಒಂದೊಂದಾಗಿ, ತಡವಾಗಿ ಬಂದವು. 2002ರಲ್ಲಿ 55 ಕ್ಯಾಂಕ್ರಿ ನಕ್ಷತ್ರದ ಸುತ್ತ, ಹೆಚ್ಚು ಕಡಿಮೆ ಗುರುವಿನಷ್ಟೇ ದೂರದಲ್ಲಿ, ಸುಮಾರು 14 ವರ್ಷಕ್ಕೊಮ್ಮೆ ಸುತ್ತುವ ಗ್ರಹ ಸಿಕ್ಕಿತು. ಅದಕ್ಕೆ ಬೇಕಾಗಿದ್ದು ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದಲ್ಲಿ ಒಂದೂವರೆ ದಶಕ ಕೂಡಿಟ್ಟ ಅಳತೆ.

ಇಲ್ಲೊಂದು ಹೊಸ ಬಲೆ ಇದೆ. ನಮ್ಮ ಸೂರ್ಯನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ಇಳಿಯುತ್ತವೆ. ಗುರುವಿನ ಸುತ್ತು 11.86 ವರ್ಷ. ಬೇರೆ ನಕ್ಷತ್ರದಲ್ಲೂ ಹೀಗೇ ಇದ್ದು, ಕಲೆಗಳ ಏರಿಳಿತವೇ ಓಲಾಟದಂತೆ ಕಂಡರೆ, ಕಂಡದ್ದು ಗ್ರಹವೋ ಕಲೆಯೋ? ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ನಕ್ಷತ್ರವೇ ಇದಕ್ಕೆ ಉದಾಹರಣೆ. ರೋಹಿಣಿ ಮತ್ತು ಹುಣ್ಣಿಮೆ ನೋಡಿ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಕದಿರು ತೆಗೆಯುವ ಹೊತ್ತು ಗೊತ್ತು ಮಾಡುತ್ತಾರಲ್ಲ, ಅದೇ ರೋಹಿಣಿ. ಅದು 629 ದಿನಕ್ಕೊಮ್ಮೆ ಓಲಾಡುವಂತೆ ಕಾಣುತ್ತದೆ. 1990ರ ದಶಕದಲ್ಲಿ ಸುಳಿವು ಸಿಕ್ಕಿತು, 2015ರಲ್ಲಿ ಗ್ರಹವೇ ಹೌದು ಎಂದರು. 2019ರಲ್ಲಿ ಇನ್ನೊಂದು ತಂಡ ಹಳೆ ಹೊಸ ಅಳತೆ ಎಲ್ಲ ಸೇರಿಸಿ ನೋಡಿ, ಗ್ರಹದ ವಿರುದ್ಧ ಸಾಕ್ಷಿ ಇದೆ ಎಂದಿತು. ರೋಹಿಣಿ ಉಬ್ಬಿಹೋದ ಮುದಿ ನಕ್ಷತ್ರ. ಅದರ ಮೈಯೇ ಏರಿಳಿಯುತ್ತಿರಬಹುದು.

ಅಡ್ಡ ಹಾಯುವ ಗ್ರಹದ ನೆರಳು ನೋಡುವ ದಾರಿಯಲ್ಲಿ ಕೆಪ್ಲರ್ ಟೆಲಿಸ್ಕೋಪು ದೊಡ್ಡ ಹೆಸರು. 2009ರಿಂದ 2013ರವರೆಗೆ ಒಂದೇ ಜಾಗ ನೋಡಿತು. ನಾಲ್ಕು ವರ್ಷದಲ್ಲಿ 1071 ದಿನಕ್ಕೊಮ್ಮೆ ಸುತ್ತುವ ಕೆಪ್ಲರ್-167 ಇ ಎಂಬ ಗ್ರಹ ಎರಡೇ ಸಲ ಅಡ್ಡ ಬಂತು. 2018ರಲ್ಲಿ ಹಾರಿದ ಟೆಸ್ ಎಂಬ ಟೆಲಿಸ್ಕೋಪು ಇನ್ನೂ ಅವಸರದ್ದು. ಆಕಾಶದ ಒಂದು ತುಂಡನ್ನು 27 ದಿನ ನೋಡಿ ಮುಂದಕ್ಕೆ ಹೋಗುತ್ತದೆ. ನಿಧಾನದ ಗ್ರಹ ಅದರಲ್ಲಿ ಒಂದೇ ಒಂದು ಸಲ ಕಾಣಬಹುದು. ಗ್ರಹ ಹುಡುಕುವ ಕಂಪ್ಯೂಟರ್ ಪ್ರೋಗ್ರಾಂಗಳು ಸಾಮಾನ್ಯವಾಗಿ ಮತ್ತೆ ಮತ್ತೆ ಬರುವ ನೆರಳನ್ನು ನೋಡುತ್ತವೆ, ಒಂಟಿ ನೆರಳನ್ನು ಬಿಟ್ಟುಬಿಡುತ್ತವೆ.

ಅಲ್ಲಿ ಕೆಲಸಕ್ಕೆ ಬಂದದ್ದು ಮನುಷ್ಯರ ಕಣ್ಣು. ಅಮೆರಿಕದ ನೌಕಾಪಡೆಯಲ್ಲಿ ಅಧಿಕಾರಿಯಾಗಿದ್ದ ಟಾಮ್ ಜೇಕಬ್ಸ್ ಹವ್ಯಾಸಕ್ಕೆ ಟೆಸ್‌ನ ಬೆಳಕಿನ ಗ್ರಾಫುಗಳನ್ನು ಕಣ್ಣಲ್ಲೇ ನೋಡುತ್ತಿದ್ದರು. 2020ರಲ್ಲಿ ಒಂದು ಒಂಟಿ ಇಳಿತ ಕಂಡಿತು. ಪಾಲ್ ಡಾಲ್ಬಾ ಅವರ ತಂಡ ಆ ನಕ್ಷತ್ರದ ಓಲಾಟವನ್ನು ವರ್ಷಕ್ಕೂ ಹೆಚ್ಚು ಕಾಲ ಅಳೆಯಿತು. ಸಿಕ್ಕಿದ್ದು ಟಿಓಐ-2180 ಬಿ ಎಂಬ ಗ್ರಹ, ಗುರುವಿನ ಮೂರು ಪಟ್ಟಿಗೆ ಸ್ವಲ್ಪ ಕಡಿಮೆ ತೂಕ, 261 ದಿನದ ಸುತ್ತು. ಮುಂದಿನ ನೆರಳು ಹಿಡಿಯಲು 2021ರ ಆಗಸ್ಟಿನಲ್ಲಿ ಮೂರು ಖಂಡಗಳಲ್ಲಿ ಟೆಲಿಸ್ಕೋಪು ತಿರುಗಿಸಿ ಕಾದರು. (ಆಗಸ್ಟಿನ ಕೊಡಗಿನಿಂದ ಅವರಿಗೆ ಯಾವ ಸಹಾಯವೂ ಆಗುತ್ತಿರಲಿಲ್ಲ ಬಿಡಿ.) ನೆರಳು ಸ್ಪಷ್ಟವಾಗಿ ಸಿಗಲಿಲ್ಲ. ಆದರೂ ಯಾವಾಗ ಬರಲಾರದು ಎಂದು ತಿಳಿದಿದ್ದರಿಂದ ಲೆಕ್ಕ ಇನ್ನಷ್ಟು ಬಿಗಿಯಾಯಿತು. 2023ರಲ್ಲಿ ಟೆಸ್ ಅಳತೆಗಳಿಂದಲೇ 483 ದಿನದ ಟಿಓಐ-4600 ಸಿ ಸಿಕ್ಕಿತು. ಅದರ ಅಂದಾಜು ತಾಪ ಸೊನ್ನೆಗಿಂತ 80 ಡಿಗ್ರಿ ಕೆಳಗೆ.

ಇನ್ನೂ ದೂರದ ಗ್ರಹಗಳಿಗೆ ಫೋಟೋ ಇನ್ನೊಂದು ದಾರಿ. ಹಿಂದೆ ಹೊಸದಾಗಿ ಹುಟ್ಟಿ ಇನ್ನೂ ಕಾವು ಆರದ ಗ್ರಹಗಳು ಮಾತ್ರ ಫೋಟೋಗೆ ಸಿಗುತ್ತಿದ್ದವು. 2024ರಲ್ಲಿ ಜೇಮ್ಸ್ ವೆಬ್ ಟೆಲಿಸ್ಕೋಪು ಎಪ್ಸಿಲಾನ್ ಇಂಡಿ ನಕ್ಷತ್ರದ ಗ್ರಹದ ಚಿತ್ರ ತೆಗೆಯಿತು. ತಾಪ ಸುಮಾರು 2 ಡಿಗ್ರಿ, ಒಂದು ಸುತ್ತಿಗೆ ನೂರು ವರ್ಷಕ್ಕೂ ಜಾಸ್ತಿ. ಓಲಾಟ ನೋಡಿ ಅಲ್ಲೊಂದು ಗ್ರಹ ಇದೆ ಎಂದು ಮೊದಲೇ ಹೇಳಿದ್ದರು. ಚಿತ್ರ ಬಂದಾಗ ಅದು ಹೇಳಿದ ಜಾಗದಲ್ಲಿರಲಿಲ್ಲ, ಹೇಳಿದ್ದಕ್ಕಿಂತ ಭಾರವೂ ಇತ್ತು. ಸುತ್ತಿನ ಸಣ್ಣ ತುಣುಕು ನೋಡಿ ಇಡೀ ಕಕ್ಷೆ ಬರೆದರೆ ಹೀಗೇ ಆಗುವುದು. ನಕ್ಷತ್ರ ಮಾತ್ರ ನಮಗೂ ಕಾಣುತ್ತದೆ. ನಮ್ಮಿಂದ 12 ಜ್ಯೋತಿರ್ವರ್ಷ ದೂರ. ತುಲಾ ಸಂಕ್ರಮಣದ ಹೊತ್ತಿಗೆ ರಾತ್ರಿ ಒಂಬತ್ತರ ಸುಮಾರಿಗೆ ನೇರ ದಕ್ಷಿಣದಲ್ಲಿ, ದಿಗಂತದಿಂದ 20 ಡಿಗ್ರಿ ಮೇಲೆ, ಮಂಕಾಗಿ ಇರುತ್ತದೆ. ಮೋಡ ಇರಬಾರದು, ದಕ್ಷಿಣಕ್ಕೆ ಬೆಟ್ಟವೂ ಅಡ್ಡ ಇರಬಾರದು. ಕೊಡಗಿನಲ್ಲಿ ಎರಡೂ ಒಟ್ಟಿಗೆ ಸಿಗುವುದು ಕಷ್ಟವೇ.

ಹಾಗಾದರೆ ತಣ್ಣನೆ ದೈತ್ಯರು ಎಷ್ಟು? ಕ್ಯಾಲಿಫೋರ್ನಿಯಾದ ತಂಡವೊಂದು 719 ನಕ್ಷತ್ರಗಳ ಮೂವತ್ತು ವರ್ಷದ ಅಳತೆಯನ್ನು 2021ರಲ್ಲಿ ಪ್ರಕಟಿಸಿತು. ಭೂಮಿ ಸೂರ್ಯರ ನಡುವಿನ ದೂರದ ಎರಡರಿಂದ ಎಂಟು ಪಟ್ಟು ದೂರದಲ್ಲಿ, ನೂರು ನಕ್ಷತ್ರಕ್ಕೆ ಸುಮಾರು 14 ದೈತ್ಯ ಗ್ರಹಗಳು. ಮೊದಲು ಸಿಕ್ಕಿ ಹೆಸರು ಮಾಡಿದ ಬಿಸಿ ದೈತ್ಯರು ನೂರಕ್ಕೆ ಒಂದರಷ್ಟು. ಅಪರೂಪದ್ದು ಸುಲಭವಾಗಿ ಸಿಕ್ಕಿತು, ಸಾಮಾನ್ಯವಾದದ್ದು ತಡವಾಯಿತು. ದೈತ್ಯ ಗ್ರಹಗಳು ಹುಟ್ಟುವುದು ನೀರು ಮಂಜಾಗುವಷ್ಟು ದೂರದಲ್ಲಿ ಎಂಬ ಲೆಕ್ಕಕ್ಕೂ ಇದು ಹೊಂದುತ್ತದೆ. ಬಿಸಿ ದೈತ್ಯರು ಅಲ್ಲಿಂದ ಒಳಕ್ಕೆ ಜರುಗಿ ಬಂದವರು ಎಂಬುದು ಹೆಚ್ಚಿನವರ ಅಭಿಪ್ರಾಯ.

ಈಗ ಎಲ್ಲರ ಕಣ್ಣು ಯುರೋಪಿನ ಗಯಾ ಉಪಗ್ರಹದ ಮೇಲೆ. ಜೇಕಬ್ ಮದರಾಸಿನಲ್ಲಿ ಮಾಡಲು ಹೊರಟ ಕೆಲಸವನ್ನೇ, ಅಂದರೆ ನಕ್ಷತ್ರ ಆಕಾಶದಲ್ಲಿ ಪಕ್ಕಕ್ಕೆ ಓಲಾಡುವುದನ್ನೇ, ಗಯಾ 2014ರಿಂದ 2025ರ ಜನವರಿವರೆಗೆ ನೂರು ಕೋಟಿಗೂ ಹೆಚ್ಚು ನಕ್ಷತ್ರಗಳಿಗೆ ಅಳೆಯಿತು. ಮೊದಲ ಐದೂವರೆ ವರ್ಷದ ಅಳತೆ 2026ರ ಡಿಸೆಂಬರಿನಲ್ಲಿ ಹೊರಬರಬೇಕು. ಸಾವಿರಾರು ದೈತ್ಯ ಗ್ರಹಗಳು ಅದರಲ್ಲಿ ಸಿಗಬಹುದೆಂಬ ನಿರೀಕ್ಷೆ ಇದೆ. ಆದರೆ ಗಯಾ ನೋಡಿದ್ದು ಒಟ್ಟು ಹತ್ತೂವರೆ ವರ್ಷ, ಗುರುವಿನ ಒಂದು ಸುತ್ತು ಮುಗಿಯಲು ಇನ್ನೂ ಒಂದು ವರ್ಷಕ್ಕಿಂತ ಜಾಸ್ತಿ ಬೇಕಿತ್ತು. ಬಾಕಿ ತುಂಡನ್ನು 1989ರಿಂದ 1993ರವರೆಗೆ ಅಳೆದ ಹಿಪ್ಪಾರ್ಕಸ್ ಉಪಗ್ರಹದ ಹಳೆ ಅಂಕಿಗಳಿಂದ, ನೆಲದ ಮೇಲಿನ ಟೆಲಿಸ್ಕೋಪುಗಳ ದಾಖಲೆಯಿಂದ ತಂದು ಜೋಡಿಸಬೇಕು. ಆ ಕೆಲಸ ಈಗಾಗಲೇ ನಡೆಯುತ್ತಿದೆ.